ಯಂಕೋಬಪ್ಪನ ಕೈಗಡಿಯಾರ

ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ. ತತ್ವಪದ ಕೇಳುತ್ತ ಬೆಳೆದವನು ನಾನು. ತಾಳ ತಪ್ಪಿದರೆ ಕಿವಿಗೇ ಮೊದಲು ಗೊತ್ತಾಗುತ್ತದೆ.

ರಾಯಚೂರಿನ ನನ್ನ ಗಡಿಯಾರ ರಿಪೇರಿ ಅಂಗಡಿಗೆ ಮೇ ತಿಂಗಳ ಒಂದು ಮಧ್ಯಾಹ್ನ ಪೋತ್ನಾಳದ ಗೋಪಮ್ಮ ಬಂದಳು. ಗಂಡ ಯಂಕೋಬಪ್ಪನ ಕೀಲಿ ಗಡಿಯಾರ ಮುಂದಿಟ್ಟಳು.

“ತಾಸಿಗೆ ಹತ್ತು ನಿಮಿಷ ಮುಂದ ಓಡತದ್ರಿ. ಇದನ್ನ ನೋಡಿ ಸಕ್ಕರಿ ಕಾಯಿಲಿ ಗುಳಿಗಿ ಲಗೂನ ಕೊಟ್ಟೆ, ಮೊನ್ನಿ ಇವ್ರು ತಲಿ ತಿರುಗಿ ಬಿದ್ರು. ಮನುಷ್ಯಾ ನಡಿಯಂಗಿಲ್ಲ, ಅವ್ರ ಗಡಿಯಾರ ನೋಡ್ರಿ, ಓಡತದ!”

ಅಂಗಡಿಯೊಳಗೆ ಬಿಸಿಲಿನ ಝಳ. ಗಡಿಯಾರ ಮಾತ್ರ ಮಡಕೆಯ ನೀರಿನಷ್ಟು ತಣ್ಣಗಿತ್ತು. ಅದರ ಸದ್ದು ಓಡಿಬಂದವನ ಏದುಸಿರಿನಂತಿತ್ತು. ಮುಚ್ಚಳ ಬಿಚ್ಚಿ, ಅತ್ತಿತ್ತ ಆಡುತ್ತ ಲಯ ಹಿಡಿಯುವ ಚಕ್ರವನ್ನು ಚಿಮಟದಿಂದ ಎತ್ತಿ ಮೇಜಿನ ಮೇಲಿಟ್ಟೆ. ಆ ಚಕ್ರವಿಲ್ಲದೆ ಯಾವ ಕೀಲಿ ಕೈಗಡಿಯಾರವೂ ನಡೆಯುವುದಿಲ್ಲ.

ಇದು ನಡೆಯಿತು. ಏದುಸಿರು ಇಳಿದು ತಾಳ ಸರಿಹೋಯಿತು.

ಗೋಪಮ್ಮ ಬಗ್ಗಿ ಕೇಳಿದಳು. “ಹಾಂ, ಈಗ ಸರಿ ಆತು! ನಿಮ್ಮ ಕೈಗುಣ ದೊಡ್ಡದು ಯಪ್ಪಾ.”

ಇದ್ದದ್ದನ್ನು ಹೇಳಬೇಕಿತ್ತು. ಚಕ್ರ ಹೊರಗಿರುವಾಗಲೇ ಮುಚ್ಚಳ ಹಾಕಿ ಕೊಟ್ಟುಬಿಟ್ಟೆ.

ಹನ್ನೊಂದನೆಯ ದಿನ ಆಕೆಯ ಫೋನ್ ಬಂತು.

“ಟೈಮ್ ಸರಿ ತೋರಸ್ತದ್ರಿ, ಗುಳಿಗಿ ಹೊತ್ತಿಗೆ ಸರಿಯಾಗಿ ಕೊಡಾಕತ್ತೀನಿ. ಆದ್ರ ಇವ್ರು ಅದನ್ನ ಮುಟ್ಟಾಕ ಬಿಡವಲ್ರು. ಅವತ್ತಿಂದ ಕೀಲಿನೂ ಕೊಟ್ಟಿಲ್ಲ, ಅದು ನಿಂತೂ ಇಲ್ಲ. ಅದೇನು ಮಾಡಿದ್ರಿ?”

ದಿನಾ ಕೀಲಿ ಕೊಡಬೇಕಾದ ಗಡಿಯಾರ ಅದು.

“ಹೊಸ ಎಣ್ಣಿ ಬಿಟ್ಟೀನಿ ಯವ್ವಾ,” ಅಂದೆ. ಆಕೆ ನಂಬಿದಳು.