ಆಮೆಮರಿಗಳ ಪಲ್ಲಕ್ಕಿ

ಬಲು ಹಿಂದೆ, ಕಡಲ ಜೀವಿಗಳು ಮಾತಾಡುತ್ತಿದ್ದ ಕಾಲದಲ್ಲಿ, ಶಂಖಾವತಿ ಎಂಬ ರಾಜ್ಯವಿತ್ತು. ಎಲ್ಲಿಯವರೆಗೆ ಅದರ ತೀರಕ್ಕೆ ಆಮೆಗಳು ಬಂದು ಮೊಟ್ಟೆಯಿಡುತ್ತವೋ ಅಲ್ಲಿಯವರೆಗೆ ಮಾಂತ್ರಿಕ ಧೂಮಾಕ್ಷ ಅಲ್ಲಿ ಕಾಲಿಡುವಂತಿರಲಿಲ್ಲ. ಇಟ್ಟರೆ ಹೊಗೆಯಾಗಿಬಿಡುತ್ತಿದ್ದ.

ಆಮೆಮರಿಗಳನ್ನು ಮುಗಿಸಲು ಧೂಮಾಕ್ಷ ಮೊದಲು ಹದ್ದುಗಳನ್ನು ಕಳಿಸಿದ. ಜನ ಓಡಿಸಿದರು. ಆಮೇಲೆ ಏಡಿಗಳನ್ನು ಕಳಿಸಿದ. ಜನ ಹಿಡಿದು ಸಾರು ಮಾಡಿಕೊಂಡು ಉಂಡರು. ಮೂರನೆಯ ಸಲ ತಾನೇ ಸನ್ಯಾಸಿಯ ವೇಷದಲ್ಲಿ ಬಂದ. ದೋಣಿಯಿಂದ ಇಳಿಯದೆಯೇ ಎಳೆಯ ರಾಜ ಮಣಿಕೇತುವನ್ನು ಕರೆದು, "ಆಮೆಯ ಹಸುಗೂಸುಗಳು ಮರಳಲ್ಲಿ ತೆವಳುತ್ತಿದ್ದರೆ ನೋಡಿಕೊಂಡು ನಿಂತಿದ್ದೀಯಲ್ಲ ರಾಜ. ಹೊತ್ತು ನೀರಿಗೆ ಬಿಡು, ಲೋಕವೇ ನಿನ್ನನ್ನು ಹೊಗಳುತ್ತದೆ" ಎಂದ.

ಹೊಗಳಿಕೆಗೆ ಮಣಿಕೇತು ಬಲು ಬೇಗ ಉಬ್ಬುತ್ತಿದ್ದ. ಚಿನ್ನದ ಪಲ್ಲಕ್ಕಿ ಮಾಡಿಸಿದ. ಮರಿಗಳು ಮರಳಿನಿಂದ ತಲೆ ಹೊರಹಾಕಿದೊಡನೆ ಪಲ್ಲಕ್ಕಿಯಲ್ಲಿಟ್ಟು, ವಾದ್ಯ ಊದಿಸಿ ನೀರಿಗೆ ಬಿಡಿಸಿದ. ವರ್ಷವರ್ಷವೂ ಹೀಗೇ ನಡೆಯಿತು. ಜನ ಅವನನ್ನು 'ಆಮೆಗಳ ತಂದೆ' ಎಂದರು. ಅವನೂ ಹೌದೆಂದುಕೊಂಡ.

ಬರಬರುತ್ತ ಆಮೆಗಳು ಕಡಿಮೆಯಾದವು. ಕೊನೆಗೊಂದು ವರ್ಷ ಬಂದದ್ದು ಒಂದೇ ಮುದಿ ಆಮೆ. ಮೊಟ್ಟೆಯಿಟ್ಟು ಹೊರಟ ಅದಕ್ಕೆ ಮಣಿಕೇತು ಕೈಮುಗಿದ.

"ನಿನ್ನ ಹೆಣ್ಣುಮಕ್ಕಳೆಲ್ಲ ಎಲ್ಲಿ ತಾಯಿ?"

"ನಮ್ಮ ದಡ ಯಾವುದೆಂದು ಕೇಳುತ್ತ ಅಲೆಯುತ್ತಿದ್ದಾರೆ ಮಗನೇ. ಹುಟ್ಟಿದ ಮರಳ ಮೇಲೆ ತೆವಳಿದವಳಿಗೆ ತಾನೆ ಅದರ ಗುರುತು ಸಿಗುವುದು? ನೀನು ಅವರ ಕಾಲನ್ನು ನೆಲಕ್ಕೇ ಸೋಕಿಸಲಿಲ್ಲ."

ನಾಚಿಕೆಯಿಂದ ಮಣಿಕೇತು ತಲೆ ಎತ್ತಲಿಲ್ಲ. ತಾನು ಕೇಳಿ ಹಿಗ್ಗಿದ್ದ ಒಂದೊಂದು ಮಾತೂ ಈಗ ಚುಚ್ಚಿತು.

ಮೊಟ್ಟೆಯೊಡೆಯುವ ಸಂಜೆ ಊರೆಲ್ಲ ನೆರೆಯಿತು. ಸನ್ಯಾಸಿಯೂ ದೋಣಿಯಲ್ಲಿ ಕಾದಿದ್ದ. ಈ ಮರಿಗಳೂ ಪಲ್ಲಕ್ಕಿ ಏರಿದರೆ ಇನ್ನು ತೀರ ಅವನದೇ. ಮರಳು ಕುಸಿಯಿತು, ಮರಿಗಳು ಒಂದರ ಮೇಲೊಂದು ಹತ್ತಿ ಹೊರಬಂದವು.

"ಪಲ್ಲಕ್ಕಿ ತರಲಾ ಒಡೆಯಾ?" ಎಂದ ಪಲ್ಲಕ್ಕಿ ಹೊರುವ ಬೋಯಿಗಳ ಹಿರಿಯ ಕೊಗ್ಗ.

"ಬೇಡ ಕೊಗ್ಗ. ಯಾರೂ ಮುಟ್ಟಬೇಡಿ. ನಾನು ಇವುಗಳ ತಂದೆಯಲ್ಲ, ಇವುಗಳ ಅಕ್ಕಂದಿರ ದಾರಿ ತಪ್ಪಿಸಿದವನು. ನಿಮ್ಮಿಂದ ಹೊಗಳಿಸಿಕೊಳ್ಳುವ ಆಸೆಗೆ ಹಾಗೆ ಮಾಡಿದೆ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಮಣಿಕೇತು ಮರಿಗಳಿಗೆ ದಾರಿ ಬಿಟ್ಟು ಹಿಂದೆ ಸರಿದ.

ಅಷ್ಟರಲ್ಲಿ ಒಂದು ಮರಿ ಅವನದೇ ಹೆಜ್ಜೆಯ ಕುಳಿಯಲ್ಲಿ ಮಗುಚಿ ಬಿದ್ದು ಕಾಲು ಬಡಿಯಿತು.

"ಎತ್ತಿಕೋ ರಾಜ, ಸಾಯುತ್ತದೆ" ಎಂದು ಸನ್ಯಾಸಿ ಕೂಗಿದ.

ಮಣಿಕೇತು ಕೈಗಳನ್ನು ಬೆನ್ನ ಹಿಂದೆ ಬಿಗಿಹಿಡಿದು ಅಳುತ್ತ ನಿಂತ. ಮರಿ ಹೊರಳಿತು, ಎದ್ದಿತು, ಕಡಲ ಕಡೆ ತೆವಳಿತು. ಧೂಮಾಕ್ಷ ಸಿಟ್ಟು ತಾಳಲಾರದೆ ಅದನ್ನು ಹಿಡಿಯಲು ದೋಣಿಯಿಂದ ಜಿಗಿದ. ಪಾದ ಮರಳಿಗೆ ತಾಗಿದ್ದೇ ತಡ, ಹೊಗೆಯಾಗಿ ಹೋದ. ಮರಿಗಳು ಅಲೆ ಸೇರಿದವು.

ಅವು ಕಡಲಲ್ಲಿ ಅಕ್ಕಂದಿರನ್ನು ಹುಡುಕಿ ದಡದ ಗುರುತು ಹೇಳಿದವು. ಮರುವರ್ಷ ಅವರೆಲ್ಲ ಬಂದರು. ಮಣಿಕೇತು ಕ್ಷಮೆ ಕೇಳಲು ಹೋಗಿ ಅವರ ಬಳಿ ಮಂಡಿಯೂರಿದ. ಗೂಡು ಮುಚ್ಚುತ್ತಿದ್ದ ಆಮೆಯೊಂದು ಎರಚಿದ ಮರಳು ಅವನ ಮುಖಕ್ಕೆ ಬಡಿಯಿತು. ಅವನು ಒರೆಸಿಕೊಳ್ಳಲಿಲ್ಲ.

ಆಮೇಲೆ ಶಂಖಾವತಿಯಲ್ಲಿ ಎಲ್ಲರೂ ಸುಖವಾಗಿ ಬಾಳಿದರು. ರಾಜನೂ ಸುಖವಾಗಿಯೇ ಇದ್ದ. ಯಾರಾದರೂ ಹೊಗಳಲು ತೊಡಗಿದರೆ ಮಾತ್ರ ಮೆಲ್ಲಗೆ ಎದ್ದು ಹೋಗುತ್ತಿದ್ದ.