ಮಂಜಿನ ಡಬ್ಬಿ

"ಮೂರನೇ ಸಾಲು ಓದಮ್ಮ," ಎಂದ ಅಪ್ಪ.

"ಯಾವ ಸಾಲು ಅಂಕಲ್? ಕನ್ನಡಿ ತುಂಬ ಬರೀ ಮೋಡ!" ಎಂದಳು ಲೀಡರ್.

ಬಾಗಿಲಲ್ಲಿ ಇಣುಕುತ್ತಿದ್ದ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಚೂಟಿಗೆ ಮಾತ್ರ ನಗು ಬರಲಿಲ್ಲ. ಆ ಅಂಕಲ್ ಅವಳ ಅಪ್ಪ. ಆ ಕನ್ನಡಿ ಅವಳ ಅಪ್ಪನದು. ಶಾಲೆಯ ಮೈದಾನದಲ್ಲಿ, ಬಾಸ್ಕೆಟ್‌ಬಾಲ್ ಕಂಬದ ಪಕ್ಕ ನಿಂತಿದ್ದ ಆ ಪುಟಾಣಿ ಟ್ರೇಲರ್ ಕೂಡ ಅವಳ ಅಪ್ಪನದೇ.

ಟ್ರೇಲರ್ ಎಂದರೆ ಕಾರಿನ ಹಿಂದೆ ಸಿಕ್ಕಿಸಿಕೊಂಡು ಹೋಗುವ ಚಿಕ್ಕ ಮನೆ. ಯಾರೋ ಅದರಲ್ಲಿ ಪ್ರವಾಸ ಹೋಗಿ ಹೋಗಿ ಸಾಕಾಗಿ ಮಾರಿದ್ದರು. ಅಪ್ಪ ಅದನ್ನು ಕೊಂಡು, ಮಂಚ ಕಿತ್ತು, ಕುರ್ಚಿ ಹಾಕಿ, ಗೋಡೆಗೆ ಕನ್ನಡಕದ ಫ್ರೇಮುಗಳನ್ನು ಸಾಲಾಗಿ ನೇತುಹಾಕಿದ್ದ. ಊರೂರಿಗೆ ಹೋಗಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವುದು ಅವನ ಕೆಲಸ.

ಅಕ್ಷರದ ಬೋರ್ಡನ್ನು ದೂರದಿಂದ ಓದಿಸಬೇಕು. ಆದರೆ ಟ್ರೇಲರ್ ಇದ್ದದ್ದೇ ನಾಲ್ಕು ಹೆಜ್ಜೆ. ಅದಕ್ಕೆ ಅಪ್ಪ ಅಕ್ಷರಗಳನ್ನು ಎಡಬಲ ಉಲ್ಟಾ ಬರೆಸಿದ ಬೋರ್ಡನ್ನು ಕುರ್ಚಿಯ ಹಿಂದೆ ಹಾಕಿ, ಎದುರಿನ ಗೋಡೆಗೆ ದೊಡ್ಡ ಕನ್ನಡಿ ಬಡಿದಿದ್ದ. ಕನ್ನಡಿಯಲ್ಲಿ ನೋಡಿದರೆ ಅಕ್ಷರಗಳು ಎರಡರಷ್ಟು ದೂರದಲ್ಲಿ ಇದ್ದ ಹಾಗೆ ಕಾಣುತ್ತಿದ್ದವು.

ಬೇಸಿಗೆಯಲ್ಲಿ ಎಲ್ಲ ಸರಿಯಿತ್ತು. ಚಳಿ ಶುರುವಾದದ್ದೇ ತಡ, ಕನ್ನಡಿಗೆ ಮಂಜು ಹಿಡಿಯತೊಡಗಿತು.

ಅಪ್ಪ ಬಟ್ಟೆಯಿಂದ ಕನ್ನಡಿ ಒರೆಸಿದ. ಲೀಡರ್ ಎರಡು ಸಲ ಉಸಿರು ಬಿಡುವಷ್ಟರಲ್ಲಿ ಮತ್ತೆ ಮೋಡ. ಅಪ್ಪ ಮತ್ತೆ ಒರೆಸಿದ. ಮತ್ತೆ ಮೋಡ.

"ಅಂಕಲ್, ಇದು ಟ್ರೇಲರ್ ಅಲ್ಲ, ಮಂಜಿನ ಡಬ್ಬಿ!" ಎಂದಳು ಲೀಡರ್. ಒಂದನೇ ಕ್ಲಾಸಿನಿಂದಲೂ ಅವಳೇ ಕ್ಲಾಸ್ ಲೀಡರ್. ಅವಳು ಇಟ್ಟ ಹೆಸರು ಹತ್ತು ನಿಮಿಷದಲ್ಲಿ ಇಡೀ ಶಾಲೆಯ ಬಾಯಲ್ಲಿರುತ್ತಿತ್ತು.

ಕೊನೆಗೆ ಮಿಸ್ ಬಂದು ನೋಡಿದರು. "ಇವತ್ತು ಬೇಡ ಬಿಡಿ. ಶುಕ್ರವಾರ ನೋಡೋಣ," ಎಂದರು. ಅಪ್ಪ ತಲೆಯಾಡಿಸಿ ಬಟ್ಟೆ ಹಿಂಡಿದ. ಮೆಟ್ಟಿಲ ಮೇಲೆ ಟಪಟಪ ನೀರು ಬಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಬಟಾಣಿ ಓಡಿ ಬಂದ. ಕ್ಲಾಸಿನಲ್ಲೇ ಎಲ್ಲರಿಗಿಂತ ಕುಳ್ಳ, ಮಾತು ಮಾತ್ರ ಎಲ್ಲರಿಗಿಂತ ಜಾಸ್ತಿ. "ಏಯ್ ಚೂಟಿ, ಮಂಜಿನ ಡಬ್ಬಿಯಲ್ಲಿ ಐಸ್‌ಕ್ರೀಂ ಸಿಗತ್ತಾ?" ಎಂದು ಕೇಳಿದ. ಚೂಟಿ ಊಟದ ಡಬ್ಬಿಯ ಮುಚ್ಚಳ ಹಾಕಿಬಿಟ್ಟಳು. ಊಟ ಸೇರಲಿಲ್ಲ.

ಸಂಜೆ ಮನೆಯ ಮುಂದೆ ಅಪ್ಪ ಟ್ರೇಲರ್ ಒಳಗೆ ಕೂತು ಕನ್ನಡಿಯ ಅಂಚಿಗೆ ಕೂತಿದ್ದ ಕಪ್ಪು ಬೂಷ್ಟನ್ನು ಉಜ್ಜುತ್ತಿದ್ದ. ಚೂಟಿ ಮೆಟ್ಟಿಲ ಬಳಿ ನಿಂತಳು.

"ಅಪ್ಪ, ಶುಕ್ರವಾರ ನೀನು ಬರಬೇಡ."

"ಯಾಕೆ ಮರಿ?"

"ಎಲ್ಲರೂ ನಗ್ತಾರೆ."

ಅಪ್ಪ ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ಬೈಯಲಿಲ್ಲ. ಬಟ್ಟೆಯನ್ನು ನೀರಿಗೆ ಅದ್ದುತ್ತ, "ಸರಿ ಕಣೆ. ನಾಳೆ ಮಿಸ್‌ಗೆ ಫೋನ್ ಮಾಡಿ ಹೇಳ್ತೀನಿ. ಬೇರೆ ಯಾರಾದ್ರೂ ಬರ್ತಾರೆ," ಎಂದ. ಮತ್ತೆ ಉಜ್ಜತೊಡಗಿದ. ತಣ್ಣೀರಿನಲ್ಲಿ ಅದ್ದಿ ಅದ್ದಿ ಅವನ ಬೆರಳ ತುದಿಗಳು ಕೆಂಪಾಗಿದ್ದವು.

ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಚೂಟಿಗೆ. ಅವಳು ಹೋದವಳು ಮತ್ತೆ ವಾಪಸ್ ಬಂದಳು.

"ಅಪ್ಪ, ಮಂಜೇ ಬರದ ಹಾಗೆ ಮಾಡಕ್ಕಾಗಲ್ವಾ?"

"ನನಗೆ ಗೊತ್ತಿರೋದೆಲ್ಲ ಮಾಡಿ ನೋಡಿದೆ. ತೂತು, ಸಂದಿ ಎಲ್ಲ ಮುಚ್ಚಿದೆ. ಗ್ಯಾಸ್ ಹೀಟರ್ ತಂದೆ. ಬೆಚ್ಚಗೆ ಇಡೋಕೆ ಹೋದಷ್ಟೂ ಮಂಜು ಜಾಸ್ತಿ ಆಗ್ತಿದೆ."

"ಮತ್ತೆ ಅತ್ತೇನ ಕೇಳೋಣ!"

ಅತ್ತೆ ಅಪ್ಪನ ಅಕ್ಕ. ಫ್ರಿಜ್, ಎ.ಸಿ. ರಿಪೇರಿ ಮಾಡುವವಳು. ಬಿಸಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎನ್ನುವುದು ಅವಳಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತು. ಮರುದಿನ ಸಂಜೆ ಟೂಲ್ ಬಾಕ್ಸ್ ಹಿಡಿದು ಬಂದವಳು ಟ್ರೇಲರ್ ಒಳಗೆ ಕಾಲಿಟ್ಟಳು, ಮೂಗು ಅರಳಿಸಿದಳು, ಮೊದಲು ಹೀಟರ್ ಆರಿಸಿದಳು.

"ಲೋ, ನಿನಗೆ ಬುದ್ಧಿ ಇದೆಯೇನೋ? ಎಲ್ಲ ಕಡೆ ಮುಚ್ಚಿ ಒಳಗೆ ಗ್ಯಾಸ್ ಉರಿಸ್ತಾರಾ? ಉಸಿರಾಡೋ ಗಾಳಿಯೇ ಕೆಟ್ಟು ಜೀವಕ್ಕೆ ಕುತ್ತು ಬರತ್ತೆ. ಗ್ಯಾಸ್ ಉರಿದಾಗ ನೀರಾವಿಯೂ ಬರತ್ತೆ. ಜನರ ಉಸಿರಿಂದಲೂ ನೀರಾವಿ. ಆಚೆ ಹೋಗೋಕೆ ದಾರಿ ಇಲ್ಲ ಅಂದ್ರೆ ಪಾಪ, ಅದಾದ್ರೂ ಎಲ್ಲಿಗೆ ಹೋಗ್ಬೇಕು?"

ಅಪ್ಪ ಹೋಂವರ್ಕ್ ಮರೆತ ಹುಡುಗನ ಹಾಗೆ ನಿಂತುಕೊಂಡ. ಚೂಟಿಗೆ ಕಿಸಕ್ಕೆಂದು ನಗು ಬಂತು.

"ನಗೋದು ಆಮೇಲೆ. ಬಾ ಇಲ್ಲಿ, ನಿನಗೂ ಕೆಲಸ ಇದೆ," ಎಂದಳು ಅತ್ತೆ. ತೆಳುವಾದ ಟಿಶ್ಯೂ ಕಾಗದವನ್ನು ಉದ್ದುದ್ದ ಹರಿದು ಕೈಗೆ ಕೊಟ್ಟಳು. "ಇದನ್ನ ಹಿಡ್ಕೊಂಡು ಮೂಲೆ ಮೂಲೆಗೂ ಹೋಗು. ಗಾಳಿ ಎಲ್ಲಿ ಓಡಾಡ್ತಿದೆ, ಎಲ್ಲಿ ಸುಮ್ಮನೆ ಕೂತಿದೆ ಪತ್ತೆ ಹಚ್ಚು."

ಅಪ್ಪನ ಗ್ಯಾಸ್ ಹೀಟರ್ ಆಚೆ ಹೋಯಿತು. ಅತ್ತೆ ತನ್ನ ಗಾಡಿಯಿಂದ ಕರೆಂಟಿನ ಚಿಕ್ಕ ಹೀಟರ್ ತಂದು ಅದೇ ಜಾಗದಲ್ಲಿ, ಬಾಗಿಲ ಬಳಿ ಇಟ್ಟಳು. ಚೂಟಿ ಕಾಗದ ಹಿಡಿದಳು. ಹೀಟರ್ ಮೇಲೆ ಅದು ಕುಣಿದಾಡಿತು. ಅರೆ ತೆರೆದ ಬಾಗಿಲ ಸಂದಿಯಲ್ಲಿ ಪಟಪಟ ಬಡಿಯಿತು. ಕನ್ನಡಿಯ ಮುಂದೆ ಹಿಡಿದರೆ ಮಾತ್ರ ಮುನಿಸಿಕೊಂಡವರ ಹಾಗೆ ಜೋತುಬಿತ್ತು. ಎಷ್ಟು ಹೊತ್ತು ಹಿಡಿದರೂ ಅಲ್ಲಾಡಲಿಲ್ಲ.

"ಅತ್ತೆ, ಬಿಸಿ ಎಲ್ಲ ಬಾಗಿಲ ಹತ್ರಾನೇ ಇದೆ. ಕನ್ನಡಿ ಹತ್ರ ಏನೂ ಇಲ್ಲ!"

"ಭೇಷ್! ಕನ್ನಡಿ ಮೇಲೆ ಕೈ ಇಟ್ಟು ನೋಡು."

ಚೂಟಿ ಇಟ್ಟಳು. ಹೊರಗಿನ ತಗಡಿಗೆ ಅಂಟಿಕೊಂಡಿದ್ದ ಕನ್ನಡಿ ಮಂಜುಗಡ್ಡೆಯಷ್ಟು ತಣ್ಣಗಿತ್ತು. ಬಿಸಿ ಉಸಿರು ಹೋಗಿ ಅಲ್ಲೇ ನೀರಾಗುತ್ತಿತ್ತು.

ಮೊದಲು ಅಪ್ಪ ಕಿಟಕಿಗಳನ್ನೆಲ್ಲ ತೆರೆದು ನೋಡಿದ. ಮಂಜು ಮಾಯ! ಆದರೆ ಎರಡೇ ನಿಮಿಷಕ್ಕೆ ಎಲ್ಲರ ಹಲ್ಲು ಕಟಕಟ. ಅಪ್ಪ ಚೂಟಿಯ ಮೂಗಿನ ಮೇಲೆ ಫ್ರೇಮ್ ಇಡಲು ಹೋದರೆ ಅವನ ತಣ್ಣನೆಯ ಬೆರಳು ತಾಗಿ ಅವಳು ಕಿಟಾರನೆ ಕಿರುಚಿದಳು. ಆಮೇಲೆ ಕಿಟಕಿ ಮುಚ್ಚಿ ಹೀಟರನ್ನು ಕನ್ನಡಿಯ ಕೆಳಗೆ ಇಟ್ಟರು. ಕನ್ನಡಿ ಒಣಗಿತು. ಆದರೆ ಕಿಟಕಿ ಗಾಜಿನಿಂದ ನೀರು ಇಳಿಯತೊಡಗಿತು. ಗಾಳಿ ದಪ್ಪಗಾಗಿ ಚೂಟಿಗೆ ಆಕಳಿಕೆ ಮೇಲೆ ಆಕಳಿಕೆ.

"ಬಿಸಿಯೂ ಬೇಕು, ಗಾಳಿಯೂ ಬೇಕು. ಒಂದನ್ನ ಬಿಟ್ಟು ಒಂದನ್ನ ಹಿಡಿದರೆ ಆಗಲ್ಲ," ಎಂದಳು ಅತ್ತೆ.

ಬುಧವಾರವೂ ಗುರುವಾರವೂ ಶಾಲೆ ಬಿಟ್ಟ ಕೂಡಲೇ ಚೂಟಿ ಟ್ರೇಲರ್‌ಗೆ ಓಡಿದಳು. ಅಪ್ಪ ಕನ್ನಡಿ ಇಳಿಸಿ, ಗೋಡೆಗೆ ದಪ್ಪ ಫೋಮ್ ಹಾಳೆ ಅಂಟಿಸಿದ. ಅದರ ಮೇಲೆ ಮರದ ಪಟ್ಟಿ ಹೊಡೆದು, ಹಿಂದೆ ಎರಡು ಬೆರಳು ಜಾಗ ಬಿಟ್ಟು ಕನ್ನಡಿ ಕೂರಿಸಿದ. ಬಿಸಿ ಗಾಳಿ ಆ ಸಂದಿಯಲ್ಲೂ ಹಾದುಹೋಗಲಿ ಎಂದು. ಹೀಟರ್ ಪಕ್ಕದಲ್ಲಿ, ನೆಲದ ಹತ್ತಿರ, ಅಪ್ಪ ಟೇಪ್ ಹಾಕಿ ಮುಚ್ಚಿದ್ದ ಜಾಲರಿ ಇತ್ತು. ಟೇಪ್ ಕೀಳುವ ಕೆಲಸ ಚೂಟಿಯದು. ಉಗುರು ನೋಯುವವರೆಗೂ ಕಿತ್ತಳು. ಇನ್ನು ಹೊರಗಿನ ಗಾಳಿ ಅಲ್ಲಿಂದ ಒಳಗೆ ಬಂದು, ಹೀಟರ್‌ನಲ್ಲಿ ಬೆಚ್ಚಗಾಗಿ, ಕನ್ನಡಿಯನ್ನು ಸವರಿಕೊಂಡು ಮೇಲೇಳಬೇಕು.

"ಮೇಲೆದ್ದು ಎಲ್ಲಿಗೆ ಹೋಗತ್ತೆ?" ಎಂದು ಕೇಳಿದಳು ಚೂಟಿ.

ಅತ್ತೆ ಎದುರು ತುದಿಯ ಚಾವಣಿ ತೋರಿಸಿದಳು. ಅಲ್ಲಿದ್ದ ಕಿಂಡಿಗೆ ಹಳೇ ಫ್ರಿಜ್ಜಿನ ಚಿಕ್ಕ ಫ್ಯಾನ್ ಕೂರಿಸಿದ್ದಳು. ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತ ಒಳಗಿನ ಗಾಳಿಯನ್ನು ನಿಧಾನವಾಗಿ ಆಚೆ ತಳ್ಳುತ್ತಿತ್ತು.

ಇನ್ನು ಪರೀಕ್ಷೆ ಮಾಡಬೇಕಲ್ಲ? ಅಷ್ಟರಲ್ಲಿ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದ ಅಮ್ಮನನ್ನೂ ಒಳಗೆ ಎಳೆದುಕೊಂಡರು. ನಾಲ್ಕೂ ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು.

"ಉಸಿರು ಚೆನ್ನಾಗಿ ಬರಬೇಕು. ಎಲ್ಲರೂ ಜೋರಾಗಿ ಮಗ್ಗಿ ಹೇಳಿ," ಎಂದಳು ಅತ್ತೆ.

ಹದಿಮೂರರ ಮಗ್ಗಿ ಶುರುವಾಯಿತು. ಹದಿಮೂರು ಏಳಲ ಎಷ್ಟು ಎನ್ನುವಲ್ಲಿ ಅಪ್ಪ ತಪ್ಪಿದ. ಅಮ್ಮ ನಕ್ಕು ನಕ್ಕು ಕೆಮ್ಮಿದಳು. ಹತ್ತೊಂಬತ್ತರ ಮಗ್ಗಿಗೆ ಬರುವ ಹೊತ್ತಿಗೆ ಅತ್ತೆಯೂ ಮುಗ್ಗರಿಸಿದಳು. ಕನ್ನಡಿಯಲ್ಲಿ ಮಾತ್ರ ಅಕ್ಷರಗಳು ತೊಳೆದಿಟ್ಟ ಹಾಗೆ ಕಾಣುತ್ತಿದ್ದವು. ಟ್ರೇಲರ್ ಹದವಾಗಿ ಬೆಚ್ಚಗಿತ್ತು.

"ಮಿಸ್‌ಗೆ ಫೋನ್ ಮಾಡಿಬಿಟ್ಯಾ?" ಎಂದು ಚೂಟಿ ಮೆಲ್ಲಗೆ ಕೇಳಿದಳು.

"ಮರೆತೇಹೋಯ್ತು ನೋಡು," ಎಂದ ಅಪ್ಪ, ಅವಳ ಕಡೆ ನೋಡದೆ.

ಶುಕ್ರವಾರ ಬೆಳಿಗ್ಗೆ ಟ್ರೇಲರ್ ಮತ್ತೆ ಬಾಸ್ಕೆಟ್‌ಬಾಲ್ ಕಂಬದ ಪಕ್ಕ ನಿಂತಿತು. ಒಬ್ಬೊಬ್ಬರನ್ನೇ ಒಳಗೆ ಕರೆಯುವ ಕೆಲಸವನ್ನು ಮಿಸ್ ಚೂಟಿಗೆ ಕೊಟ್ಟರು. ಮಕ್ಕಳು ನಗಲು ಸಿದ್ಧರಾಗಿಯೇ ಬಂದಿದ್ದರು. ಆದರೆ ಒಳಗೆ ಹೋದವರು ಬೇಗನೆ ಹೊರಗೆ ಬರಲಿಲ್ಲ. "ಅಂಕಲ್, ಇಲ್ಲಿ ಬೆಚ್ಚಗಿದೆ. ಇನ್ನೊಂದು ಸಲ ಓದ್ಲಾ?" ಎನ್ನತೊಡಗಿದರು.

ಲೀಡರ್ ಮಾತ್ರ ಸಾಲಿನಲ್ಲಿ ಮುಂದೆ ಬರಲೇ ಇಲ್ಲ. ಅವಳ ಸರದಿ ಬಂದಾಗ ಶೂ ಲೇಸ್ ಬಿಚ್ಚಿತು. ಇನ್ನೊಮ್ಮೆ ನೀರಡಿಕೆಯಾಯಿತು. ಮತ್ತೊಮ್ಮೆ, "ನೀನು ಹೋಗು, ಪಾಪ ನೀನು ಚಿಕ್ಕೋಳು," ಎಂದು ಹಿಂದಿನವಳನ್ನು ಮುಂದೆ ಬಿಟ್ಟಳು. ಕೊನೆಗೆ ಮೂರೇ ಜನ ಉಳಿದಾಗ ಮಿಸ್ ಅವಳ ಭುಜ ಹಿಡಿದು ಮೆಟ್ಟಿಲು ಹತ್ತಿಸಿದರು.

"ಮೂರನೇ ಸಾಲು ಓದಮ್ಮ," ಎಂದ ಅಪ್ಪ.

ಮೂರನೇ ಸಾಲಿನಲ್ಲಿದ್ದವು ರ, ಠ, ಥ, ಧ, ಢ. ನೋಡಲು ಎಲ್ಲ ಒಂದೇ ತಾಯಿಯ ಮಕ್ಕಳ ಹಾಗೆ.

"ರ," ಎಂದಳು ಲೀಡರ್. ಕಣ್ಣು ಕಿರಿದು ಮಾಡಿದಳು. "ರ... ಇನ್ನೊಂದು ರ... ಆಮೇಲೆ..."

ಅವಳ ದನಿ ಸಣ್ಣಗಾಯಿತು. "ಮಂಜು ಇದೆ ಅಂಕಲ್."

ಕನ್ನಡಿಯ ಮೇಲೆ ಒಂದು ಹನಿಯೂ ಇರಲಿಲ್ಲ.

'ಎಲ್ಲಿದೆ ಮಂಜು? ತೋರಿಸು ನೋಡೋಣ!' ಎಂಬ ಮಾತು ಚೂಟಿಯ ನಾಲಿಗೆಯ ತುದಿಗೆ ಬಂತು. ಸೋಮವಾರದಿಂದ ಕಾಯುತ್ತಿದ್ದ ಮಾತು ಅದು. ಆದರೆ ಲೀಡರ್‌ಳ ಕೈ ಕಣ್ಣಿಗೆ ಬಿತ್ತು. ಅವಳು ಸ್ಕರ್ಟಿನ ಅಂಚನ್ನು ಹಿಡಿದು ಹಿಂಡುತ್ತಿದ್ದಳು, ಹಿಂಡುತ್ತಲೇ ಇದ್ದಳು.

ಲೀಡರ್ ಯಾವಾಗಲೂ ಮೊದಲ ಬೆಂಚಿನಲ್ಲೇ ಕೂರುತ್ತಿದ್ದಳು. ಬೋರ್ಡಿನ ಮೇಲಿನ ಲೆಕ್ಕವನ್ನು ಯಾವಾಗಲೂ ಪಕ್ಕದವರಿಂದ ಓದಿಸುತ್ತಿದ್ದಳು. "ನೀನು ಓದು, ನಾನು ಬರೀತೀನಿ," ಎಂದು ಜೋರು ಮಾಡುತ್ತಿದ್ದಳು. ಅದೆಲ್ಲ ಲೀಡರ್‌ಗಿರಿ ಎಂದೇ ಎಲ್ಲರೂ ತಿಳಿದಿದ್ದರು. ಚೂಟಿಯೂ.

ಬಾಗಿಲಲ್ಲಿ ಬಟಾಣಿಯ ತಲೆ ಇಣುಕಿತು. "ಏನಂತೆ? ಏನಂತೆ?"

ಚೂಟಿ ಬಂದ ಮಾತನ್ನು ನುಂಗಿಕೊಂಡಳು. "ಬಿಸಿ ಆಚೆ ಹೋಗತ್ತೆ ಕಣೋ," ಎಂದು ಅವನ ಮೂಗಿನ ಮುಂದೆಯೇ ಬಾಗಿಲು ಹಾಕಿದಳು.

ಅಪ್ಪ ಏನೂ ಆಗಿಲ್ಲ ಎಂಬಂತೆ ಲೀಡರ್‌ಳ ಮೂಗಿನ ಮೇಲೆ ಪರೀಕ್ಷೆಯ ದಪ್ಪ ಫ್ರೇಮ್ ಇಟ್ಟ. ಒಂದು ಗಾಜು ಹಾಕಿದ, ತೆಗೆದ, ಇನ್ನೊಂದು ಹಾಕಿದ. "ಈಗ ಚೆನ್ನಾಗಿದೆಯಾ, ಆಗ ಚೆನ್ನಾಗಿತ್ತಾ?"

"ಈಗ... ಈಗ!" ಲೀಡರ್ ನೆಟ್ಟಗೆ ಕೂತಳು. "ರ, ಠ, ಥ, ಧ, ಢ! ಅಂಕಲ್, ಅದರ ಕೆಳಗೆ ಇನ್ನೂ ಎರಡು ಸಾಲು ಇದೆ!"

"ಯಾವಾಗಲೂ ಇತ್ತಮ್ಮ," ಎಂದು ಅಪ್ಪ ನಕ್ಕ.

ಅವಳು ತಲೆ ತಿರುಗಿಸಿ ಬಾಗಿಲ ಬಳಿ ನಿಂತಿದ್ದ ಚೂಟಿಯನ್ನು ನೋಡಿದಳು. "ಏಯ್, ನಿನ್ನ ಗಲ್ಲದ ಮೇಲೆ ಮಚ್ಚೆ ಇದೆ!"

"ಹುಟ್ಟಿದಾಗಿಂದ ಇದೆ."

"ಇಲ್ಲಿಂದಾನೇ ಕಾಣ್ತಿದೆ ಕಣೆ," ಎಂದಳು ಲೀಡರ್.

"ನಿನ್ನ ಕಣ್ಣಿಗೆ ದೂರದ್ದು ನೋಡೋಕೆ ಒಂಚೂರು ಸಹಾಯ ಬೇಕು, ಅಷ್ಟೇ," ಎಂದ ಅಪ್ಪ. "ಅಮ್ಮನಿಗೆ ಚೀಟಿ ಬರೆದುಕೊಡ್ತೀನಿ. ಯಾವ ಫ್ರೇಮ್ ಬೇಕು ಅಂತ ಅಮ್ಮನ ಜೊತೆ ಬಂದು ನೋಡು. ಅವಸರ ಇಲ್ಲ."

ಲೀಡರ್ ಚೀಟಿಯನ್ನು ಚಿಕ್ಕದಾಗಿ ಮಡಚಿ ಜೇಬಿಗೆ ಹಾಕಿಕೊಂಡಳು. ಬಾಗಿಲ ಹತ್ತಿರ ಬಂದು ನಿಂತಳು. ಚಿಲಕಕ್ಕೆ ಕೈ ಹಾಕಲಿಲ್ಲ. ಹೊರಗೆ ಇಡೀ ಕ್ಲಾಸಿನ ಗಲಾಟೆ ಕೇಳಿಸುತ್ತಿತ್ತು.

ಚೂಟಿಯೇ ಬಾಗಿಲು ತೆರೆದಳು.

"ಯಾಕೆ ಇಷ್ಟು ಹೊತ್ತು? ಲೀಡರ್ ಫೇಲಾ?" ಎಂದು ಬಟಾಣಿ ಕೂಗಿದ. ಎಲ್ಲರೂ ಅವಳನ್ನೇ ನೋಡಿದರು. ಲೀಡರ್ ಜೇಬಿನಲ್ಲಿದ್ದ ಚೀಟಿಯನ್ನು ಒತ್ತಿ ಹಿಡಿದಳು.

"ನಮ್ಮ ಬಾಗಿಲು ಸಿಕ್ಕಿಹಾಕ್ಕೊಂಡಿತ್ತು," ಎಂದಳು ಚೂಟಿ. "ಎಳೆದೂ ಎಳೆದೂ ಸಾಕಾಯ್ತು."

"ಮೊನ್ನೆ ಮಂಜು, ಇವತ್ತು ಬಾಗಿಲು!" ಬಟಾಣಿ ಹೊಟ್ಟೆ ಹಿಡಿದುಕೊಂಡ. ಮೈದಾನ ತುಂಬ ನಗು ಎದ್ದಿತು. ಆ ನಗುವಿನಲ್ಲಿ ಲೀಡರ್ ಮೆಟ್ಟಿಲಿಳಿದು, ಯಾರ ಕಣ್ಣಿಗೂ ಬೀಳದೆ, ಗುಂಪಿನೊಳಗೆ ಸೇರಿಕೊಂಡಳು.

ಎಲ್ಲರೂ ಟ್ರೇಲರ್ ನೋಡಿಯೇ ನಗುತ್ತಿದ್ದರು. ಈ ಸಲ ಅದು ಚೂಟಿಗೆ ಎಲ್ಲೂ ಚುಚ್ಚಲಿಲ್ಲ.

ಅಪ್ಪ ಹಿಂದಿನಿಂದ ಬಂದು ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ ನೋಡಿದ. "ಇದು ಸರಿಯಾಗೇ ಇದೆಯಲ್ಲೇ?" ಎಂದ ಪಿಸುದನಿಯಲ್ಲಿ.

"ಗೊತ್ತು ಅಪ್ಪ," ಎಂದಳು ಚೂಟಿ.

ಅಪ್ಪ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಅವಳ ಜಡೆಯನ್ನು ಮೆಲ್ಲಗೆ ಎಳೆದು ಒಳಗೆ ಹೋದ.

ಚೂಟಿ ಮೆಟ್ಟಿಲ ಮೇಲೆ ನಿಂತು, ನಗು ಮುಗಿಯುವವರೆಗೆ ಕಾದಳು. ಆಮೇಲೆ ಪಟ್ಟಿ ನೋಡಿ ಗಟ್ಟಿಯಾಗಿ ಕರೆದಳು:

"ಬಟಾಣಿ, ಬಾ. ಈಗ ನಿನ್ನ ಸರದಿ."