ಜೂನ್ ಮೂರರ ಸಾಲು

2025ರ ನವೆಂಬರ್ 18, ಮಂಗಳವಾರ, ಬೆಳಿಗ್ಗೆ 9.40. ಠಾಣೆಗೆ ಬಂದ ಮೋಹನ್‌ಕುಮಾರ್ ದೂರು ಬರೆದು ತಂದಿರಲಿಲ್ಲ. ಕೈಯಲ್ಲಿ ಅಪ್ಪನ ಇನ್ಸುಲಿನ್ ಪೆನ್ನಿತ್ತು.

“ನಿನ್ನೆ ಬೆಳಿಗ್ಗೆ ಆರಕ್ಕೆ ಅಪ್ಪಾಜಿ ಹಾಲು ತರೋಕೆ ಹೋದ್ರು ಸಾರ್. ವಾಪಸ್ ಬರ್ಲಿಲ್ಲ. ಎಂಟೂಕಾಲಿಗೆ ಅವರ ಫೋನಿಂದ್ಲೇ ಮೆಸೇಜ್ ಬಂತು.”

ಇನ್‌ಸ್ಪೆಕ್ಟರ್ ಲಕ್ಷ್ಮೀನರಸಿಂಹಯ್ಯ ಓದಿದರು. 0.6184 ಬಿಟ್‌ಕಾಯಿನ್ ಕಳಿಸಬೇಕು. ಪೊಲೀಸರಿಗೆ ಹೇಳಿದರೆ ಅಪ್ಪ ಉಳಿಯುವುದಿಲ್ಲ.

“ನಿನ್ನೇನೇ ಯಾಕೆ ಬರ್ಲಿಲ್ಲ?”

“ಹೆದರ್ಕೊಂಡೆ ಸಾರ್.”

“ಸೂಜಿ ದಿನಕ್ಕೆಷ್ಟು?”

“ಎರಡು. ಆಗ್ಲೇ ಮೂರು ತಪ್ಪಿದೆ.”

ಭಾರತೀಯ ನ್ಯಾಯ ಸಂಹಿತೆಯ ಕಲಂ 140(2)ರಡಿ ಎಫ್‌ಐಆರ್ ದಾಖಲಾಯಿತು. ಕಾಣೆಯಾದವರು ತುಮಕೂರಿನ ಉಪ್ಪಾರಹಳ್ಳಿಯ ಶಿವರಾಮಯ್ಯ, ಎಪ್ಪತ್ನಾಲ್ಕು ವರ್ಷ. ಪ್ರತಿ ಕಾರ್ತಿಕದಲ್ಲೂ ಬಡಾವಣೆಯ ಮಠದಲ್ಲಿ ಕಾವ್ಯ ಓದುವವರು. ಅವರ ದನಿ ಕೇಳಿ ಬೀದಿಯವರು ಒಲೆಯ ಉರಿ ತಗ್ಗಿಸಿ ಹೊರಗೆ ಬಂದು ಕೂರುತ್ತಿದ್ದರು.

ಹಾಲಿನ ಬೂತಿನ ಶಕುಂತಲಮ್ಮ ಹೇಳಿಕೆ ಕೊಟ್ಟಳು. “ಬಿಳೀ ವ್ಯಾನು. ಯಾರೂ ಎಳೀಲಿಲ್ಲ ಸಾ, ಅಯ್ನೋರೇ ಹತ್ತಿದ್ರು. ‘ಏನ್ಲಾ, ಇಷ್ಟೊತ್ಗೇ ಬಂದ್ಬುಟ್ಟಿದೀಯ’ ಅಂತ ನಗ್ತಾನೇ ಹತ್ತಿದ್ರು.”

ಪರಿಚಯದವನು, ಎಂದು ಇನ್‌ಸ್ಪೆಕ್ಟರ್ ಬರೆದುಕೊಂಡರು. ಶಿವರಾಮಯ್ಯನವರ ಫೋನು ಕೊನೆಗೆ ಸಿಕ್ಕಿದ್ದು ಕುಣಿಗಲ್ ಪೇಟೆಯ ಟವರಿನಲ್ಲಿ. ಅಷ್ಟು ದೊಡ್ಡ ಪೇಟೆಯಲ್ಲಿ ಯಾವ ಬಾಗಿಲು?

ಮೆಸೇಜನ್ನು ಮತ್ತೆ ಮತ್ತೆ ನೋಡುತ್ತಿದ್ದವಳು ಕಾನ್‌ಸ್ಟೆಬಲ್ ವಾಣಿಶ್ರೀ. “ಇದೆಂಥ ಬೇಡಿಕೆ ಸಾರ್? ಐವತ್ತು ಲಕ್ಷ ಅನ್ಬೇಕು, ಅರವತ್ತು ಅನ್ಬೇಕು. ಪಾಯಿಂಟ್ ಇಟ್ಟು ಯಾರ್ ಕೇಳ್ತಾರೆ?”

ಮೋಹನ್‌ಕುಮಾರ್ ತಲೆ ತಗ್ಗಿಸಿದ. “ನನ್ನ ಬಿಟ್‌ಕಾಯಿನ್ ವ್ಯಾಲೆಟ್‌ನಲ್ಲಿ ಅಷ್ಟಿಲ್ಲ ಸಾರ್. 0.5184 ಇದೆ. ಹನ್ನೆರಡನೇ ತಾರೀಕು ಸ್ವಲ್ಪ ತೆಗ್ದಿದ್ದೆ.”

“ತೆಗೆಯೋಕ್ ಮುಂಚೆ?” ಎಂದರು ಇನ್‌ಸ್ಪೆಕ್ಟರ್.

ಅವನು ಲೆಕ್ಕ ಹಾಕಿದ. “0.6184.”

“ಯಾರಿಗ್ ಗೊತ್ತಿತ್ತು?”

“ಹೆಂಡ್ತಿಗೂ ಗೊತ್ತಿಲ್ಲ ಸಾರ್.”

“ವ್ಯಾಲೆಟ್ ವಿಳಾಸ ಯಾರಿಗಾದ್ರೂ ಕೊಟ್ಟಿದ್ರಾ?” ಎಂದಳು ವಾಣಿಶ್ರೀ.

ಅವನು ಬ್ಯಾಗಿನಿಂದ ಕಾವ್ಯವಾಚನದ ಆಹ್ವಾನ ಪತ್ರಿಕೆ ತೆಗೆದ. ಕೆಳಗೆ, ದಾಸೋಹಕ್ಕೆ ಕಾಣಿಕೆ ಕಳಿಸುವವರಿಗಾಗಿ ಆ ವ್ಯಾಲೆಟ್ ವಿಳಾಸದ ಒಂದು ಕ್ಯೂಆರ್ ಚೌಕ. ಪಕ್ಕದಲ್ಲಿ ಮೋಹನ್‌ಕುಮಾರನ ಹೆಸರು, ಮನೆ ನಂಬರು.

“ಹೊರದೇಶದ ನೆಂಟರಿಗೆ ಅನುಕೂಲ ಅಂತ ಹಾಕಿಸ್ದೆ. ವಿಳಾಸ ಇದ್ರೆ ದುಡ್ಡು ಹಾಕ್ಬೋದು, ತೆಗೆಯೋಕಾಗಲ್ಲ. ಏನ್ ತೊಂದ್ರೆ ಅಂದ್ಕೊಂಡೆ.”

“ತೆಗೆಯೋಕಾಗಲ್ಲ. ನೋಡ್ಬೋದು.” ವಾಣಿಶ್ರೀ ಆ ವಿಳಾಸವನ್ನು ತನ್ನ ಫೋನಿನಲ್ಲಿ ಹಾಕಿದಳು. ಇರುವ ಮೊತ್ತ, ಬಂದದ್ದು, ಹೋದದ್ದು, ತಾರೀಕು ಮತ್ತು ನಿಮಿಷದ ಸಮೇತ ಸಾಲುಸಾಲಾಗಿ ಬಿಚ್ಚಿಕೊಂಡಿತು. “ಪಾಸ್‌ವರ್ಡ್ ಬೇಕಾಗಿಲ್ಲ ಸಾರ್, ಇದು ಎಲ್ರಿಗೂ ಕಾಣುತ್ತೆ. ಯಾರದು ಅಂತ ಮಾತ್ರ ಇಲ್ಲಿರಲ್ಲ. ಅದನ್ನ ಇವರೇ ಅಚ್ಚು ಹಾಕ್ಸವ್ರೆ. ಕಾಣಿಕೆಗೆ ಖಾಲಿ ವ್ಯಾಲೆಟ್ ಒಂದು ಬೇರೆ ಮಾಡ್ಬೇಕಿತ್ತು.”

“ಪತ್ರಿಕೆ ಹಂಚಿದ್ದು ಯಾವತ್ತು?” ಇನ್‌ಸ್ಪೆಕ್ಟರ್ ಕೇಳಿದರು.

“ಹದಿನಾಲ್ಕು.”

“ಅವತ್ತು ನೋಡ್ದೋನಿಗೆ 0.5184 ಕಾಣ್ಬೇಕಿತ್ತು. ಇವನು ಕೇಳ್ತಿರೋದು ಹನ್ನೆರಡಕ್ಕೆ ಮುಂಚಿನ ಮೊತ್ತ. ಆಗ ಈ ಚೌಕ ಯಾರ್ ಕೈಲಿತ್ತು?”

ಮೋಹನ್‌ಕುಮಾರ್ ಪತ್ರಿಕೆಯನ್ನು ಮೇಜಿನ ಮೇಲಿಟ್ಟ. “ಅಚ್ಚಿಗೆ ಕೊಟ್ಟಿದ್ದು ಹತ್ತನೇ ತಾರೀಕು. ಗುಬ್ಬೀಲಿ. ನಮ್ಮ ರೇಣುಕನ ಹತ್ರ.”

ಮಧ್ಯಾಹ್ನ 1.15, ಗುಬ್ಬಿ. ಡಿಟಿಪಿ ಅಂಗಡಿಯ ಮುಂದೆ ಬಿಳಿ ವ್ಯಾನು ನಿಂತಿತ್ತು. ಒಳಗೆ ರೇಣುಕಾಪ್ರಸಾದ್ ಯಾವುದೋ ಮದುವೆ ಪತ್ರಿಕೆ ಜೋಡಿಸುತ್ತಿದ್ದ. ಶಿವರಾಮಯ್ಯನವರ ಪತ್ರಿಕೆಯನ್ನು ಹನ್ನೆರಡು ವರ್ಷದಿಂದ ಅಚ್ಚು ಹಾಕುತ್ತಿದ್ದವನು ಅವನೇ.

“ಅಯ್ನೋರ ಪತ್ರಿಕೆ ಕ್ಯೂಆರ್‌ನ ಸ್ಕ್ಯಾನ್ ಮಾಡಿ ನೋಡಿದ್ಯಾ?”

“ಪ್ರೂಫ್ ಕೊಡೋಕ್ ಮುಂಚೆ ನೋಡ್ಲೇಬೇಕಲ್ಲ ಸಾರ್. ಅದು ಕೆಲ್ಸ ಮಾಡ್ದಿದ್ರೆ ಸಾವಿರ ಪತ್ರಿಕೆ ನಮ್ ತಲೆಗೇ ಬರುತ್ತೆ.”

“ನಿನ್ನೆ ಬೆಳಿಗ್ಗೆ ಎಲ್ಲಿದ್ದೆ?”

“ಇಲ್ಲೇ.”

ಇನ್‌ಸ್ಪೆಕ್ಟರ್ ಇನ್ಸುಲಿನ್ ಪೆನ್ನನ್ನು ಕೀಬೋರ್ಡಿನ ಪಕ್ಕ ಇಟ್ಟರು. “ಇದಿಲ್ದೆ ಅಯ್ನೋರಿಗೆ ಎರಡ್ನೇ ದಿನ.”

ಮೌಸಿನ ಮೇಲಿದ್ದ ಕೈ ನಿಂತಿತು. ರೇಣುಕಾಪ್ರಸಾದ್ ಪೆನ್ನನ್ನೇ ನೋಡಿದ.

“ಅವರು ಹೇಳ್ಲೇ ಇಲ್ವಲ್ಲ ಸಾರ್,” ಎಂದ.

“ಕುಣಿಗಲ್‌ನಲ್ಲಿ ಇಟ್ಟಿರೋ ಜಾಗದ ಬೀಗದ ಕೈ?”

ಅವನು ಡ್ರಾಯರ್ ಎಳೆದ.

2.50, ಕುಣಿಗಲ್. ಆರು ತಿಂಗಳಿಂದ ಮುಚ್ಚಿದ್ದ ಟೈಲರಿಂಗ್ ಅಂಗಡಿಯ ಷಟರನ್ನು ಪಂಚರ ಸಮಕ್ಷಮ ಎತ್ತಲಾಯಿತು. ಬೋರ್ಡಿನಲ್ಲಿ ಮಾಲಿನಿ ಎಂಬ ಹೆಸರು ಇನ್ನೂ ಇತ್ತು, ರೇಣುಕಾಪ್ರಸಾದನ ಹೆಂಡತಿ. ಹೊಲಿಗೆ ಮೆಷಿನ್ನಿನ ಕಾಲ ಬುಡದಲ್ಲಿ, ಹೊಲಿಯದೆ ಉಳಿದ ರವಿಕೆ ಬಟ್ಟೆಗಳ ಮೇಲೆ ಶಿವರಾಮಯ್ಯ ಮಲಗಿದ್ದರು. ಪಕ್ಕದಲ್ಲಿ ಬಿಚ್ಚದ ಇಡ್ಲಿ ಪೊಟ್ಟಣ. ಉಸಿರಿತ್ತು, ಕರೆದರೆ ಓಗೊಡಲಿಲ್ಲ. ಆಂಬುಲೆನ್ಸ್ ತುಮಕೂರಿಗೆ ಹೊರಟಿತು.

3.30ಕ್ಕೆ ರೇಣುಕಾಪ್ರಸಾದನ ಬಂಧನ. ಪಂಚನಾಮೆಯಲ್ಲಿ ಸೇರಿದ್ದು: ಮೊಬೈಲ್ ಒಂದು, ಅದರಲ್ಲಿ ನವೆಂಬರ್ ಹತ್ತರ ಸಂಜೆ ವ್ಯಾಲೆಟ್ ಪುಟದಿಂದ ತೆಗೆದಿಟ್ಟ ಚಿತ್ರ, ಪರ್ಸಿನಲ್ಲಿ ನಾಲ್ಕಾಗಿ ಮಡಿಸಿದ, ಮಾಲಿನಿಯ ಹೆಸರಿನ ಆಸ್ಪತ್ರೆಯ ಚೀಟಿ, ಶಸ್ತ್ರಚಿಕಿತ್ಸೆಗೆ ಮೂರೂವರೆ ಲಕ್ಷ, ತಾರೀಕು ಜೂನ್ 3.

“ಅವತ್ತು ಮಧ್ಯಾಹ್ನ ಸಾಲ ಕೇಳೋಕೆ ಮೋಹನಣ್ಣನ ಹತ್ರ ಹೋಗಿದ್ದೆ ಸಾರ್,” ಎಂದು ರೇಣುಕಾಪ್ರಸಾದ್ ಹೇಳಿಕೆ ಕೊಟ್ಟ. “‘ಕೈಯಲ್ಲಿ ಒಂದ್ ಪೈಸೆ ಇಲ್ಲ ಕಣೋ’ ಅಂದ್ರು. ನಂಬ್ದೆ. ಮಾಲಿನಿ ತೀರ್ಕೊಂಡ್ಮೇಲೂ ನಂಬ್ದೆ, ಅವರ ಮೇಲೆ ಬೇಜಾರೇ ಇರ್ಲಿಲ್ಲ. ಪ್ರೂಫ್ ದಿನ ಆ ಪುಟ ತೆರೀತು. ಸುಮ್ನೆ ಕೆಳಗ್ ತಳ್ತಾ ಹೋದೆ. ಜೂನ್ ಮೂರು, ಸಂಜೆ ನಾಲ್ಕೂ ಹತ್ತು. ನಾಲ್ಕೂವರೆ ಲಕ್ಷದಷ್ಟು ಬಿಟ್‌ಕಾಯಿನ್ ಕೊಂಡವ್ರೆ.”

“ಅಯ್ನೋರು ಏನ್ ಮಾಡಿದ್ರು ನಿಂಗೆ?”

“ಏನೂ ಇಲ್ಲ. ಆ ಮನೇಲಿ ನಾನ್ ಕರೆದ್ರೆ ಬರೋರು ಅವರೊಬ್ರೇ ಸಾರ್.”

ಇಪ್ಪತ್ತನೇ ತಾರೀಕು ಬೆಳಿಗ್ಗೆ ಶಿವರಾಮಯ್ಯ ಕಣ್ಣು ಬಿಟ್ಟರು. ಮೂರು ತಾಸು ಎಡೆಬಿಡದೆ ಓದುತ್ತಿದ್ದ ದನಿ ಈಗ ದಿಂಬಿನಾಚೆಗೆ ಕೇಳುತ್ತಿರಲಿಲ್ಲ. ಹೇಳಿಕೆ ಪಡೆಯಲು ಬಗ್ಗಿದ ಇನ್‌ಸ್ಪೆಕ್ಟರನ್ನು ದಾಟಿ ಅವರು ಮಗನನ್ನು ನೋಡಿದರು.

“ರೇಣುಕ ಯಾಕಪ್ಪ ಹಿಂಗ್ ಮಾಡ್ದ?”

ಮೋಹನ್‌ಕುಮಾರ್ ವಾರ್ಡಿನಿಂದ ಹೊರಗೆ ಬಂದ. ಬಾಗಿಲಲ್ಲಿ ವಾಣಿಶ್ರೀ ನಿಂತಿದ್ದಳು.

“ಪತ್ರಿಕೆ ಎಲ್ಲಾ ವಾಪಸ್ ತಗೋತೀನಿ ಮೇಡಂ. ಆದ್ರೆ ಆ ಜೂನ್ ಮೂರರ ಸಾಲು... ಅದನ್ನ ಅಳ್ಸೋಕಾಗಲ್ವಾ?”

“ಇಲ್ಲ ಸಾರ್. ಅದು ಯಾರ್ ಕೈಲೂ ಆಗಲ್ಲ.”

ಒಳಗಿಂದ ಅಪ್ಪ ಮತ್ತೆ ಅದನ್ನೇ ಕೇಳುತ್ತಿದ್ದರು.